ಪ್ರಮಾಣಪತ್ರ ಬಂದ ವರ್ಷ

ಹೊಸ ಮುಖ್ಯಾಧಿಕಾರಿ ನನ್ನನ್ನು ಒಳಗೆ ಕರೆದಾಗ ನಾನು ಟಪಾಲಿಗೆ ನಂಬರು ಹಾಕುತ್ತಿದ್ದೆ. ಹದಿಮೂರು ವರ್ಷದಿಂದ ಅದೇ ಕೆಲಸ. ಬಂದ ಕಾಗದ ಒಂದು ಪುಸ್ತಕದಲ್ಲಿ, ಹೋಗುವ ಕಾಗದ ಇನ್ನೊಂದರಲ್ಲಿ. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡದ ಕಡೆ ಬಸ್ಸಿನಲ್ಲಿ ಓಡಾಡಿದವರಿಗೆ ಅಂಥ ಊರು ಗೊತ್ತಿರುತ್ತದೆ. ಒಂದು ಬಸ್‌ಸ್ಟ್ಯಾಂಡು, ಒಂದು ಸಂತೆಬಯಲು, ಕಟ್ಟಿಗೆ ಡಿಪೋ, ಗುಡ್ಡದ ಮೇಲೆ ನೀರಿನ ಟಾಕಿ, ಮತ್ತೆ ನಾವೆಲ್ಲ ಮುನ್ಸಿಪಾಲ್ಟಿ ಅನ್ನುತ್ತಿದ್ದ ಹಂಚಿನ ಕಟ್ಟಡ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು.

ಮುಖ್ಯಾಧಿಕಾರಿ ಮೈಸೂರು ಕಡೆಯವರು. ನನಗಿಂತ ಹತ್ತು ವರ್ಷ ಚಿಕ್ಕವರು. ಯಾವುದೋ ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದರು. ಮೇಜಿನ ಮೇಲೆ ನೀಲಿ ರಟ್ಟಿನ ಒಂದು ಪುಸ್ತಕವಿತ್ತು.

"ಮೇಡಂ, ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಒಂದು ಕೆಲಸ ಕೊಡ್ತೀನಿ, ಬೇಡ ಅನ್ನಬಾರದು" ಅಂದರು.

ಆ ಪುಸ್ತಕದಲ್ಲಿದ್ದದ್ದು ಕಚೇರಿ ನಡೆಸುವವರಿಗೆ ಮಾಡಿದ ಒಂದು ಮಾನದಂಡ. ಊರು ಸುಧಾರಿಸಬೇಕಾದರೆ ಮೊದಲು ಊರಿನ ಕೆಲಸ ಮಾಡುವವರನ್ನು ನೋಡಿ ಅನ್ನುವುದು ಅದರ ತಿರುಳು. ಕಸ ಹೊಡೆಯುವವರಿಂದ ಹಿಡಿದು ಸಾಹೇಬರ ತನಕ ಪ್ರತಿಯೊಬ್ಬರಿಗೂ ತನ್ನ ಕೆಲಸ ಏನು, ಅದರಿಂದ ಊರಿಗೆ ಏನಾಗುತ್ತದೆ ಅನ್ನುವುದು ತಿಳಿದಿರಬೇಕು. ಬಾರದ್ದನ್ನು ಕಲಿಸಬೇಕು. ವರ್ಷಕ್ಕೊಮ್ಮೆ ಎದುರು ಕೂರಿಸಿಕೊಂಡು ಮಾತಾಡಿಸಬೇಕು. ಯಾವ ಕೆಲಸವೂ ಒಬ್ಬನ ತಲೆಯಲ್ಲಷ್ಟೇ ಉಳಿಯಬಾರದು, ಕಾಗದದ ಮೇಲೆ ಬರಬೇಕು. ಇದನ್ನೆಲ್ಲ ಮಾಡಿದರೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು, ತಮಗೆ ಬೇಕಾದವರನ್ನು ಮಾತಾಡಿಸಿ, ಒಪ್ಪಿದರೆ ಪ್ರಮಾಣಪತ್ರ ಕೊಡುತ್ತಾರೆ. ನನ್ನ ಪಾಲಿಗೆ ಬಂದದ್ದು ನಲವತ್ಮೂರು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಆರು ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸ. ಅದರಲ್ಲಿ ನನ್ನದೊಂದನ್ನು ಮುಖ್ಯಾಧಿಕಾರಿ ತಾವೇ ಬರೆದುಕೊಳ್ಳುತ್ತೇನೆ ಅಂದರು. ಕೊನೆಯ ಪ್ರಶ್ನೆ ಹೀಗಿತ್ತು: ನಿಮ್ಮ ಕೆಲಸ ಚೆನ್ನಾಗಿದೆ ಎಂದು ಯಾರಾದರೂ ನಿಮಗೆ ಹೇಳಿದ್ದು ಯಾವಾಗ?

ನನಗೆ ಆ ಕೆಲಸ ಇಷ್ಟವಾಯಿತು. ಯಾಕೆ ಅಂತ ಹೇಳಬೇಕಾದರೆ ನನ್ನ ದಿನ ಹೇಗಿರುತ್ತಿತ್ತು ಅನ್ನುವುದನ್ನೂ ಹೇಳಬೇಕು. ಅಪ್ಪ ಧಾರವಾಡದ ಕಡೆಯಿಂದ ಕಾಗದದ ಗಿರಣಿ ಕೆಲಸಕ್ಕೆಂದು ದಾಂಡೇಲಿಗೆ ಬಂದವರು. ಅಲ್ಲಿಯ ಅಂಬೇವಾಡಿಯ ನಮ್ಮ ಮನೆಯಲ್ಲಿ ಈಗ ಅಣ್ಣನ ಸಂಸಾರವಿತ್ತು. ಅಪ್ಪ ಅವ್ವ ಇಬ್ಬರೂ ಇರಲಿಲ್ಲ. ನಾನು ಕೆಲಸದ ಊರಲ್ಲೇ ಒಂದು ಖೋಲಿ ಬಾಡಿಗೆ ಹಿಡಿದಿದ್ದೆ. ಮದುವೆ ಆಗಲಿಲ್ಲ, ಅದರ ಹಿಂದೆ ಕಥೆ ಏನೂ ಇಲ್ಲ, ನೋಡುವವರು ನೋಡುವುದನ್ನು ಬಿಟ್ಟರು, ಅಷ್ಟೇ. ದಿನಕ್ಕೊಮ್ಮೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ನಮ್ಮ ಟೈಪಿಸ್ಟ್ ಜೊತೆ. ನನಗಿಂತ ನಾಲ್ಕು ವರ್ಷ ಸಣ್ಣವಳು. ಒಂಬತ್ತು ವರ್ಷ ಒಂದೇ ಮೇಜಿನ ಮೇಲೆ ಎರಡು ಡಬ್ಬಿ ಬಿಚ್ಚಿದ್ದೇವೆ. ಅವಳ ಪುಂಡಿಪಲ್ಯ ನನಗೆ, ನನ್ನ ಶೇಂಗಾ ಚಟ್ನಿ ಅವಳಿಗೆ. ಭಾನುವಾರ ಬಂದರೆ ನನಗೆ ಮಾತೇ ಇರುತ್ತಿರಲಿಲ್ಲ. ಅಂಥವಳಿಗೆ ನಲವತ್ಮೂರು ಜನರನ್ನು ಮಾತಾಡಿಸು ಅಂದರೆ ಏನನ್ನಿಸುತ್ತದೆ?

ಹಳೆಯ ಕಡತಗಳ ಕೋಣೆಯಲ್ಲಿ ಎರಡು ಕುರ್ಚಿ ಹಾಕಿಸಿಕೊಂಡೆ. ಮೊದಲ ದಿನ ಬಂದವರು ಓಣಿ ಕಸ ಹೊಡೆಯುವ ಹೆಂಗಸು, ಐವತ್ತರ ಹತ್ತಿರದವರು. ಕುರ್ಚಿ ತೋರಿಸಿದರೆ ಬಾಗಿಲಿಗೆ ಆತು ನಿಂತರು.

"ಕುಂಡ್ರಿ" ಅಂದೆ.

"ಇರ್ಲಿ ಬಿಡ್ರಿ ಅಕ್ಕಾರ."

"ನೀವು ಕೂಡದಿದ್ರ ನಾನೂ ನಿಂತು ಬರೀಬೇಕಾಗ್ತದ" ಅಂದ ಮೇಲೆ ಕೂತರು, ಅರ್ಧ ಕುರ್ಚಿಯಲ್ಲಿ. ಕೊನೆಯ ಪ್ರಶ್ನೆ ಕೇಳಿದೆ. "ಚಲೋ ಆಗೇತಿ ಅಂದವರು ಯಾರೂ ಇಲ್ರಿ. ಇಲ್ಲಿ ಕಸ ಉಳೀತು ಅಂದವರು ಭಾಳ ಮಂದಿ ಅದಾರ." ಏನು ಬೇಕು ಅಂತ ಕೇಳಿದ್ದಕ್ಕೆ, "ಕೈಕಾಲು ತೊಳ್ಕೊಂಡು ಸೀರಿ ಬದಲಿ ಮಾಡಾಕ ಒಂದು ಬಾಗಲಾ ಇರೂ ಖೋಲಿ, ಅದರಾಗೊಂದು ನಳಾ. ಹಂಗ ಮನಿಗೆ ಹೋದ್ರ ಮೊಮ್ಮಕ್ಕಳು ಹತ್ರ ಬರೂದಿಲ್ರಿ" ಅಂದರು. ಅವರು ಹೇಳಿದ ಹಾಗೇ ಬರೆದುಕೊಂಡೆ. ಎರಡೇ ತಿಂಗಳಲ್ಲಿ ಮುಖ್ಯಾಧಿಕಾರಿ ಹಳೆಯ ಗಾಡಿಖಾನೆಯ ಒಂದು ಮೂಲೆಗೆ ಗೋಡೆ ಕಟ್ಟಿಸಿ, ಬಾಗಿಲು ಹಚ್ಚಿ, ಎರಡು ನಳ ಹಾಕಿಸಿದರು. ಆ ಪುಸ್ತಕದಿಂದ ಒಳ್ಳೆಯದೇ ಆಗಲಿಲ್ಲ ಎಂದು ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಕಚೇರಿಯಲ್ಲಿ ಬೇರೆ ಗಾಳಿ ಬೀಸತೊಡಗಿತ್ತು. ಇದು ದಿನಗೂಲಿಯವರನ್ನು ತೆಗೆಯಲು ಮಾಡುತ್ತಿರುವ ಯಾದಿ ಎಂದು ಯಾರೋ ಹೇಳಿದರು. ಹಿರಿಯ ಗುಮಾಸ್ತರು, "ಮಾನದಂಡ ಅಂತ. ಮೊದಲು ಮಾನ ಹೋಗ್ತದ, ಆಮ್ಯಾಲ ದಂಡ ಬೀಳ್ತದ" ಎಂದು ನಗಿಸಿದರು. ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಹತ್ತೂವರೆಗೆ ಎಲ್ಲರಿಗೂ ಚಹಾ ತರುತ್ತಿದ್ದ ಶಿಪಾಯಿ ನನ್ನ ಮೇಜಿಗೆ ಕೊನೆಗೆ ಬರತೊಡಗಿದ. ಆಗ ಲೋಟದಲ್ಲಿ ಅರ್ಧ ಇರುತ್ತಿತ್ತು, ಅದೂ ಆರಿರುತ್ತಿತ್ತು.

ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಟೈಪಿಸ್ಟಳ ಸರದಿ ಬಂದಾಗ ಆದದ್ದನ್ನು ಮಾತ್ರ ಈಗಲೂ ನೆನೆಸಿಕೊಳ್ಳಲು ಆಗುವುದಿಲ್ಲ.

ಕಚೇರಿಗೆ ಕಂಪ್ಯೂಟರ್ ಬಂದು ಆರು ತಿಂಗಳಾಗಿತ್ತು. ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕೂತಿತ್ತು. ಅವಳು ದಿನಾ ಅದರ ಧೂಳು ಒರೆಸುತ್ತಿದ್ದಳು, ಶುರು ಮಾಡುತ್ತಿರಲಿಲ್ಲ. ಕರೆಂಟ್ ಸರಿ ಇಲ್ಲ ಅನ್ನುತ್ತಿದ್ದಳು. ಅವತ್ತು ಬಾಗಿಲು ಮುಂದೆ ಮಾಡಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು.

"ಅಕ್ಕಾ, ನನಗ ಅದರ ಅಂಜಿಕಿ. ಒಮ್ಮೆ ಮುಟ್ಟಿದ್ನಿ, ಏನೇನೋ ಬಂತು, ವಾಯರ ಕಿತ್ತಿಬಿಟ್ಟೆ. ಇಪ್ಪತ್ತು ವರ್ಷ ಟೈಪ್ ಮಾಡಿದ ಕೈ ನಡುಗ್ತಾವ. ಇದನ್ನ ಬರೀಬ್ಯಾಡ."

"ಬರದ್ರ ಕಲಿಸ್ತಾರವಾ. ಅದಕ್ಕ ಅಲ್ಲೇನು ಇದು?"

"ಬ್ಯಾಡಕ್ಕಾ."

ನಾನು ಬರೆದೆ. ಅವಳ ಒಳ್ಳೆಯದಕ್ಕೆ ಅಂದುಕೊಂಡೇ ಬರೆದೆ. 'ಕಂಪ್ಯೂಟರ್ ಬಗ್ಗೆ ಭಯವಿದೆ, ತರಬೇತಿ ಬೇಕು.' ಅಷ್ಟೇ.

ಆ ಶನಿವಾರ ಎಲ್ಲರ ಸಭೆ ಇತ್ತು. ಮುಖ್ಯಾಧಿಕಾರಿ ನನ್ನ ಹಾಳೆಗಳನ್ನು ಮುಂದಿಟ್ಟುಕೊಂಡು, ಯಾರಿಗೆ ಯಾವ ತರಬೇತಿ ಎಂದು ಒಂದೊಂದಾಗಿ ಓದಿದರು. ಮುಚ್ಚುಮರೆ ಇರಬಾರದು ಅನ್ನುವುದು ಅವರ ಉದ್ದೇಶ. ಅವಳದ್ದು ಬಂತು. ಭಯ ಅನ್ನುವ ಮಾತು ಓದಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅವಳು ಸೀರೆಯ ಸೆರಗಿನ ತುದಿ ನೋಡುತ್ತಾ ಕೂತಿದ್ದಳು.

ಸೋಮವಾರ ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ಕಾದೆ. ಅವಳು ಬರಲಿಲ್ಲ. ಹಿಂದಿನ ಪಡಸಾಲೆಗೆ ಹೋಗಿ ನೋಡಿದರೆ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು.

"ಇಲ್ಲ್ಯಾಕ ಕೂತಿ?" ಅಂದೆ.

ತಲೆ ಎತ್ತದೆ ಹೇಳಿದಳು: "ಅವತ್ತ ನಾ ನಮ್ಮ ಅಕ್ಕಗ ಹೇಳಿದ್ನಿ. ಮೇಡಂಗ ಹೇಳಿರಲಿಲ್ಲ."

ವಾಪಸು ಬಂದು ರೊಟ್ಟಿ ಮುರಿದೆ, ಅವಳ ಪಾಲಿನ ಚಟ್ನಿ ಡಬ್ಬಿಯಲ್ಲೇ ಉಳಿಯಿತು. ಅವತ್ತಿನಿಂದ ನಾನು ಒಬ್ಬಳೇ ಉಣ್ಣುವುದು ರೂಢಿಯಾಯಿತು.

ನೀರು ಬಿಡುವವರ ಹಾಳೆ ಕೊನೆಗೆ ಉಳಿದಿತ್ತು. ಅವರು ಅರವತ್ತರ ಹತ್ತಿರದವರು, ಮೂವತ್ತು ವರ್ಷದಿಂದ ದಿನಗೂಲಿ. ಹೆಗಲ ಮೇಲೆ ಎರಡು ಮೊಳ ಉದ್ದದ ಕಬ್ಬಿಣದ ಚಾವಿ ಹೊತ್ತುಕೊಂಡು ಓಣಿ ಓಣಿ ತಿರುಗಿ, ನೆಲದೊಳಗಿನ ವಾಲ್ವ್ ತಿರುಗಿಸಿ, ಈ ಓಣಿಗೆ ನಿಲ್ಲಿಸಿ ಆ ಓಣಿಗೆ ಬಿಡುವುದು ಅವರ ಕೆಲಸ. ಯಾವ ವಾಲ್ವ್ ಎಲ್ಲಿದೆ ಅನ್ನುವುದು ಅವರೊಬ್ಬರಿಗೇ ಗೊತ್ತು. ಕೆಲವು ಡಾಂಬರಿನ ಅಂಚಿನಲ್ಲಿ, ಕೆಲವು ಮಣ್ಣಿನಡಿ, ಒಂದಂತೂ ಕಿರಾಣಿ ಅಂಗಡಿಯ ಮೆಟ್ಟಿಲ ಕೆಳಗೆ. ಅವರು ಎರಡು ದಿನ ಜ್ವರ ಬಂದು ಮಲಗಿದರೆ ಊರಿಗೆ ನೀರಿರುತ್ತಿರಲಿಲ್ಲ. ಮುಖ್ಯಾಧಿಕಾರಿ ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು, "ಇದೇ ಮೇಡಂ, ಒಬ್ಬನ ತಲೆಯಲ್ಲಿ ಉಳಿಯಬಾರದು ಅನ್ನೋದು. ನಕಾಶೆ ಮಾಡಿಸಿ. ಅವರನ್ನ ಹೊಸಬರಿಗೆ ಕಲಿಸೋಕೆ ಇಟ್ಕೋತೀವಿ, ಮಾತು ಕೊಡ್ತೀನಿ" ಅಂದರು.

"ಕಾಕಾ, ನಕಾಶೆ ಬರೀಬೇಕಾಗೇತಿ" ಅಂತ ನಾನು ಕೇಳಿದಾಗ ಅವರು ನನ್ನ ಮುಖ ನೋಡಿದರು.

"ಎಲ್ಲಾ ಹೇಳಿಬಿಟ್ರ ಆಮ್ಯಾಲ ನನ್ನ ಏನ್ ಮಾಡ್ತೀರಿ ಅಕ್ಕಾರ?"

"ಏನೂ ಮಾಡೂದಿಲ್ಲ. ನೀವು ಹೊಸಬರಿಗೆ ಕಲಿಸೂ ಹಿರಿಯರು ಅಂತ ಬರೀತೇನಿ. ಸಾಹೇಬರು ಮಾತು ಕೊಟ್ಟಾರ."

ಅವರು ಚಾವಿ ಹೆಗಲಿಗೇರಿಸಿದರು. "ನಾಳೆ ಐದಕ್ಕ ಟಾಕಿ ಹತ್ರ ಬರ್ರಿ" ಅಂದರು.

ಮೂರು ವಾರ ಬೆಳಗಿನ ಐದಕ್ಕೆ ಎದ್ದು ಹೋದೆ. ಚಳಿಗಾಲ, ಮಂಜು ಹಿಡಿದಿರುತ್ತಿತ್ತು. ಅವರು ಮುಂದೆ, ನಾನು ರಟ್ಟಿನ ಮೇಲೆ ಕಾಗದ ಹಿಡಿದು ಹಿಂದೆ. ಚಾವಿ ಇಳಿಸಿ ತಿರುಗಿಸಿ, ಅದರ ತುದಿಗೆ ಕಿವಿ ಇಟ್ಟು ಕೇಳುತ್ತಿದ್ದರು. "ಇಲ್ಲಿ ಕೇಳ್ರಿ, ನೀರು ಗುಡ್ಡಾ ಏರಾಕತ್ತೇತಿ" ಅನ್ನುತ್ತಿದ್ದರು. ನಾನು ಮಂಡಿಯೂರಿ ಕಿವಿ ಇಟ್ಟರೆ ದೂರದಲ್ಲಿ ಯಾರೋ ಉಸಿರಾಡಿದಂತೆ ಕೇಳಿಸುತ್ತಿತ್ತು. ಕೊನೆಯ ಓಣಿ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದೆವು. ಹೆಂಡತಿ ತೀರಿಕೊಂಡದ್ದು, ಮಗಳನ್ನು ದಾಂಡೇಲಿ ಹತ್ತಿರದ ಕೋಗಿಲಬನಕ್ಕೆ ಕೊಟ್ಟದ್ದು, ಅಳಿಯ ಒಳ್ಳೆಯವನು ಅನ್ನುವುದು, ಎಲ್ಲ ಹೇಳಿದರು. ನಾನೂ ಹೇಳಿದೆ. ಟೈಪಿಸ್ಟ್ ಮಾತು ಬಿಟ್ಟದ್ದನ್ನೂ ಹೇಳಿದೆ. "ಬಿಡ್ರಿ, ಸಿಟ್ಟು ಇಳೀತದ" ಅಂದರು. ಆ ಮೂರು ವಾರ ನಾನು ಸುಖವಾಗಿದ್ದೆ. ನಕಾಶೆ ಮುಗಿದಾಗ ಮೂವತ್ತೊಂದು ವಾಲ್ವ್ ಅದರಲ್ಲಿದ್ದವು. ಬಣ್ಣದ ಪೆನ್ಸಿಲಿನಲ್ಲಿ ಓಣಿಗಳನ್ನು ತುಂಬಿದ್ದೆ. ಅದನ್ನು ಮುಖ್ಯಾಧಿಕಾರಿ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿಸಿದರು.

ಪರೀಕ್ಷಕರು ಬಂದು ಎರಡು ದಿನ ಇದ್ದರು. ಕಸ ಹೊಡೆಯುವ ಆ ಹೆಂಗಸನ್ನೂ ಕರೆದು ಮಾತಾಡಿಸಿದರು. ಅವರು ಈ ಸಲ ಪೂರ್ತಿ ಕುರ್ಚಿಯಲ್ಲಿ ಕೂತಿದ್ದರು. ಟೈಪಿಸ್ಟ್ ಆಗ ಆರು ವಾರದ ತರಬೇತಿಗೆ ಕಾರವಾರದಲ್ಲಿದ್ದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಪ್ರಮಾಣಪತ್ರ ಬಂತು. ಪೇಢೆ ಹಂಚಿದರು, ಫೋಟೋ ತೆಗೆದರು. ನಾನು ಫೋಟೋದಲ್ಲಿಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಕೆಲಸ ನನಗೆ ಹೇಳಿದ್ದರು.

ಎರಡು ತಿಂಗಳಿಗೆ ಮುಖ್ಯಾಧಿಕಾರಿಗೆ ವರ್ಗವಾಯಿತು. ಹೋಗುವ ದಿನ ಕಪಾಟು ಖಾಲಿ ಮಾಡುತ್ತಾ ನನ್ನ ಹಾಳೆಗಳ ಕಟ್ಟು ತೆಗೆದು ತಿರುವಿದರು.

"ನಲವತ್ತೆರಡೇ ಇದೆಯಲ್ಲ ಮೇಡಂ?"

"ಒಂದು ನಂದು ಸರ್. ನೀವೇ ಕೂತು ಬರಕೋತೇನಿ ಅಂದಿದ್ರಿ."

"ಅಯ್ಯೋ, ಮರೆತೇಬಿಟ್ಟೆ" ಅಂದರು. ನಿಜವಾಗಿ ಬೇಸರಪಟ್ಟರು. ಗಡಿಯಾರ ನೋಡಿದರು. ಜೀಪು ಹೊರಗೆ ನಿಂತಿತ್ತು.

ಮುಂದೆ ಬಂದವರು ನಮ್ಮ ಕಡೆಯವರೇ, ಅನುಭವಸ್ಥರು. ಅವರಿಗೆ ನೀಲಿ ಪುಸ್ತಕ ಬೇಕಾಗಿರಲಿಲ್ಲ. ನಕಾಶೆ ಬೇಕಾಗಿತ್ತು. ನೀರು ಬಿಡುವ ಕೆಲಸವನ್ನು ಗುತ್ತಿಗೆಗೆ ಕೊಟ್ಟರು. ಗುತ್ತಿಗೆದಾರ ತನ್ನ ಇಬ್ಬರು ಜನರನ್ನು ತಂದ. ಕಾಕಾ ಒಂದು ಬೆಳಿಗ್ಗೆ ಚಾವಿಯನ್ನು ಕಚೇರಿಯ ಗೋಡೆಗೆ ಒರಗಿಸಿ ಹೋದರು. ನಾನು ಬರುವಷ್ಟರಲ್ಲಿ ಹೋಗಿಯಾಗಿತ್ತು.

ನಾನು ಪುಸ್ತಕ ಹಿಡಿದುಕೊಂಡು ಸಾಹೇಬರ ಮುಂದೆ ನಿಂತೆ. ಜೀವನದಲ್ಲಿ ಮೊದಲ ಸಲ ಕರೆಯದೆ ಒಳಗೆ ಹೋಗಿದ್ದೆ.

"ಸರ್, ಇದರಾಗ ಬರದದ. ಕೆಲಸ ತಿಳದವರನ್ನ ಉಳಿಸ್ಕೊಂಡು ಅವರಿಂದ ಉಳಿದವರಿಗೆ ಕಲಿಸಬೇಕು ಅಂತ. ಅವರಿಗೆ ನಾನು ಮಾತು ಕೊಟ್ಟೇನಿ."

ಅವರು ಸಿಟ್ಟಾಗಲಿಲ್ಲ. "ನಿಮ್ಮ ನಕಾಶೆ ಭಾಳ ಚಲೋ ಆಗೇತ್ರಿ. ಅದಿದ್ರ ಯಾರು ಬೇಕಾದರೂ ನೀರು ಬಿಡ್ತಾರ" ಅಂದರು. ಹೊಗಳಿಕೆಯೇ ಅದು. ಅಕ್ಷರ ಚೆನ್ನಾಗಿದೆ ಅಂದವರಿದ್ದರು, ನನ್ನ ಕೆಲಸ ಚೆನ್ನಾಗಿದೆ ಎಂದು ಆ ಕಚೇರಿಯಲ್ಲಿ ಒಬ್ಬರು ಹೇಳಿದ್ದು ಅದೇ ಮೊದಲು.

ಹೊರಗೆ ಬಂದಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾವು ಮೊದಲೇ ಹೇಳಿರಲಿಲ್ಲವೇ ಎಂದು ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಒಂದು ವಾರ ನಾನು ಕಾಕಾ ಇರುವ ಓಣಿಯ ಕಡೆ ಕಾಲಿಡಲಿಲ್ಲ. ಕಚೇರಿಗೆ ಹೋಗಲು ಸಂತೆಬಯಲು ಸುತ್ತಿ ಹೋಗುತ್ತಿದ್ದೆ.

ಮಳೆಗಾಲ ಹಿಡಿಯುವ ಮೊದಲು ಮೇಲಿನ ಎರಡು ಓಣಿಗಳಿಗೆ ನೀರು ನಿಂತುಹೋಯಿತು. ಗುತ್ತಿಗೆದಾರನ ಜನ ನಕಾಶೆ ಹಿಡಿದು ಮೂವತ್ತೊಂದು ವಾಲ್ವನ್ನೂ ತಿರುಗಿಸಿದರು. ಎರಡು ಕಡೆ ಅಗೆದರು. ಐದು ದಿನವಾದರೂ ಹನಿ ಬರಲಿಲ್ಲ. ಹೆಂಗಸರು ಕೊಡ ಹಿಡಿದುಕೊಂಡು ಬಂದು ಕಚೇರಿ ಮುಂದೆ ಕೂತರು. ಆರನೆಯ ದಿನ ಗುತ್ತಿಗೆದಾರನೇ ಕಾಕಾನ ಮನೆಗೆ ಹೋದ. ಸಂಜೆಯೊಳಗೆ ನೀರು ಬಂತು. ಮರುದಿನದಿಂದ ಕಾಕಾ ಮತ್ತೆ ಚಾವಿ ಹೊತ್ತುಕೊಂಡು ತಿರುಗತೊಡಗಿದರು, ಗುತ್ತಿಗೆದಾರನ ಆಳಾಗಿ.

ಸುದ್ದಿ ಕೇಳಿ ಮೊದಲು ಹಗುರವಾಯಿತು. ಆಮೇಲೆ ಹೊಳೆಯಿತು, ಇನ್ನೊಂದು ವಾಲ್ವ್ ಇತ್ತು. ಅದನ್ನು ಅವರು ನನಗೆ ತೋರಿಸಿರಲಿಲ್ಲ.

ಅವತ್ತು ಸಂಜೆ ಅವರ ಮನೆಗೆ ಹೋದೆ. ಹೊಸ್ತಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. "ಬರ್ರಿ ಅಕ್ಕಾರ" ಎಂದು ಒಳಗಿಂದ ಮಣೆ ತಂದು ಹಾಕಿದರು.

"ಮೂರು ವಾರ ನಿಮ್ಮ ಜೋಡಿ ತಿರುಗಿದ್ನಿ ಕಾಕಾ."

"ಹೌದ್ರಿ."

"ನನ್ನ ಮ್ಯಾಲ ನಂಬಿಕಿ ಇರಲಿಲ್ಲೇನು?"

ಅವರು ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟರು. "ನಿಮ್ಮ ಮ್ಯಾಲ ಇತ್ರಿ. ನೀವು ಬರದದ್ದು ನಿಮ್ಮ ಕೈಯಾಗ ಉಳೀತದೇನು? ಅದು ಕಚೇರಿಗೆ ಹೋಗ್ತದ. ಅಲ್ಲಿ ಯಾರು ಬರ್ತಾರ, ಯಾರು ಹೋಗ್ತಾರ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಖೋಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಊರಿನಲ್ಲಿ ನನಗೆ ಇದ್ದವರು ಒಬ್ಬರು ಎಂದು ತಿಳಿದಿದ್ದೆ. ಅವರು ಪ್ರತಿ ಬೆಳಿಗ್ಗೆ ನನ್ನ ಜೊತೆ ಚಹಾ ಕುಡಿಯುವಾಗಲೂ ಒಂದನ್ನು ಬಚ್ಚಿಟ್ಟುಕೊಂಡೇ ಕುಡಿದಿದ್ದರು.

ಟೈಪಿಸ್ಟ್ ಕಾರವಾರದಿಂದ ಬಂದು ಕಂಪ್ಯೂಟರ್ ಕಲಿತವಳಾಗಿ ಕೂತಿದ್ದಳು. ಅವಳಿಗೆ ಗಾಜಿನ ಬಾಗಿಲಿನ ಬೇರೆ ಕೋಣೆ ಕೊಟ್ಟರು. ಮನೆಪಟ್ಟಿ, ಜನನ ಮರಣದ ದಾಖಲೆ, ಎಲ್ಲ ಅವಳ ಕೈಯಿಂದ ನಿಮಿಷಗಳಲ್ಲಿ ಹೊರಬರುತ್ತಿತ್ತು. ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, "ನೋಡು, ಎಷ್ಟ ಚಲೋ ಕಲ್ತಿ" ಅಂದೆ. "ಹೌದ್ರಿ ಮೇಡಂ" ಅಂದಳು, ಕಣ್ಣು ಪರದೆಯ ಮೇಲೆ. ಊಟಕ್ಕೆ ಮನೆಗೆ ಹೋಗಿ ಬರುತ್ತಿದ್ದಳು.

ಮುಂದಿನ ವರ್ಷ ನಾನೇ ಅರ್ಜಿ ಹಾಕಿ ಕಾಡಿನ ನಡುವಿನ ಜೋಯಿಡಾಕ್ಕೆ ಎರವಲು ಸೇವೆ ಕೇಳಿದೆ. ಅಲ್ಲಿಗೆ ಹೋಗಲು ಯಾರೂ ಒಪ್ಪುವುದಿಲ್ಲವಾದ್ದರಿಂದ ತಡವಿಲ್ಲದೆ ಮಂಜೂರಾಯಿತು. ಹೊರಡುವ ಹಿಂದಿನ ಬೆಳಿಗ್ಗೆ ಕಾಕಾ ಬಂದು ಬಾಗಿಲು ಬಡಿದರು. "ಬರ್ರಿ, ಒಂದು ತೋರಿಸೂದೈತಿ. ಮೊಣಕಾಲು ಸೋತು ಬಂದಾವ. ನನಗೇನರ ಆದ್ರ ಮ್ಯಾಲಿನ ಓಣಿ ಮಂದಿ ನೀರಿಲ್ಲದ ಸಾಯ್ತಾರ" ಅಂದರು.

ಟಾಕಿಯ ಹಿಂದೆ, ಬಿದಿರು ಮೆಳೆಯ ಬುಡದಲ್ಲಿ, ಒಂದು ಚಪ್ಪಡಿ ಸರಿಸಿದರು. ಕೆಳಗೆ ವಾಲ್ವ್ ಇತ್ತು. ಬೇಸಿಗೆಯ ಕೊನೆಗೆ ಟಾಕಿಯ ನೀರು ತಗ್ಗಿದಾಗ ಅದನ್ನು ತೆರೆದರಷ್ಟೇ ಮೇಲಿನ ಓಣಿಗಳಿಗೆ ನೀರು ಏರುತ್ತಿತ್ತಂತೆ. ಚೀಲದಿಂದ ಕಾಗದ ತೆಗೆದು ಗುರುತು ಮಾಡಿಕೊಂಡೆ. ಬಿದಿರಿನಿಂದ ಎಷ್ಟು ಹೆಜ್ಜೆ, ಟಾಕಿಯ ಮೂಲೆಯಿಂದ ಎಷ್ಟು ಹೆಜ್ಜೆ. ಬರೆದು ಮುಗಿಸಿ ಕಾಗದವನ್ನು ಮಡಚಿ ಅವರ ಕೈಗೇ ಕೊಟ್ಟೆ.

"ನಾ ಓದಾಕ ಬಾರದವ. ನನಗ್ಯಾಕ?"

"ಇದು ನಿಮ್ಮದು. ಯಾರಿಗೆ ಕೊಡಬೇಕು ಅನಸ್ತದ, ಅವರಿಗೆ ನೀವೇ ಕೊಡ್ರಿ."

ಅವರು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಇಬ್ಬರೂ ಗುಡ್ಡ ಇಳಿದೆವು. ಅವತ್ತು ಚಹಾದಂಗಡಿ ಇನ್ನೂ ತೆರೆದಿರಲಿಲ್ಲ.

ಜೋಯಿಡಾದಲ್ಲಿ ಮೂರು ವರ್ಷ ಇದ್ದೆ. ಕಚೇರಿಯಲ್ಲಿ ನಾವು ಆರು ಜನ. ಹೊರಗೆ ಎಲ್ಲರದೂ ಕೊಂಕಣಿ. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಕಲಿತೆ, ಮನಸ್ಸಿನ ಮಾತಾಡುವಷ್ಟು ಕಲಿಯಲಿಲ್ಲ. ಶನಿವಾರದ ಬಸ್ಸಿಗೆ ದಾಂಡೇಲಿಗೆ ಬಂದು ಅಂಬೇವಾಡಿಯಲ್ಲಿ ಅಣ್ಣನ ಮನೆಯಲ್ಲಿದ್ದು ಸೋಮವಾರದ ಮೊದಲ ಬಸ್ಸಿಗೆ ಮರಳುತ್ತಿದ್ದೆ. ಎರಡನೆಯ ವರ್ಷದ ಒಂದು ಭಾನುವಾರ ದಾಂಡೇಲಿಯ ಸಂತೆಯಲ್ಲಿ ಒಬ್ಬ ಹೆಂಗಸು ನನ್ನನ್ನು ತಡೆದಳು. ಕಾಕಾನ ಮಗಳು. ಅಪ್ಪನ ಜೊತೆ ಚಹಾದಂಗಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ್ದಳಂತೆ.

"ಅಪ್ಪ ಈಗ ನಮ್ಮ ಹತ್ರನ ಅದಾನ್ರಿ, ಕೋಗಿಲಬನದಾಗ. ಕೆಲಸ ಬಿಟ್ಟಾನ. ದಿನಾ ಹೊಳಿ ದಂಡಿಗೆ ಹೋಗಿ ಕೂಡ್ತಾನ. ನಿಮ್ಮ ಸುದ್ದಿ ತಗೀತಿರ್ತಾನ. ಒಮ್ಮೆ ಬರ್ರಿ ಅಕ್ಕಾರ."

"ಬರ್ತೇನಿ" ಅಂದೆ. ದೂರವೇನಲ್ಲ, ಒಂದು ಮಧ್ಯಾಹ್ನದ ಮಾತು. ಮುಂದಿನ ಶನಿವಾರ ಹೋಗೂಣು ಅಂದುಕೊಂಡೆ. ಆ ಶನಿವಾರ ಅಣ್ಣನ ಮನೆಯಲ್ಲಿ ಏನೋ ಕೆಲಸ ಬಂತು. ಅದರ ಮುಂದಿನ ವಾರ ಮಳೆ. ಆಮೇಲೆ ಇಷ್ಟು ದಿನ ಹೋಗದೆ ಈಗ ಹೋಗಿ ಏನು ಹೇಳುವುದು ಎಂಬ ಸಂಕೋಚ ಸೇರಿಕೊಂಡಿತು. ದೀಪಾವಳಿಯ ಹೊತ್ತಿಗೆ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಾಗಿ ಹನ್ನೊಂದು ದಿನವಾಗಿತ್ತು.

ಅವತ್ತು ಜೋಯಿಡಾದ ಕಚೇರಿಯಲ್ಲಿ ನಾನು ಎಂದಿನಂತೆ ಟಪಾಲು ಬರೆದೆ. ಮಧ್ಯಾಹ್ನ ಡಬ್ಬಿ ಬಿಚ್ಚಿ, ಮುಚ್ಚಿ, ನಳದ ಹತ್ತಿರ ಹೋಗಿ ಕೈ ತೊಳೆದು ಬಂದು ಕೂತೆ. ಯಾಕೆ ಊಟ ಮಾಡಲಿಲ್ಲ ಎಂದು ಯಾರೂ ಕೇಳಲಿಲ್ಲ.